ಹನ್ನೊಂದು ಕಿಕ್

ಮಾರ್ಚ್ ೪, ಭಾನುವಾರ

ಮೋಟಾರ್ ಸೈಕಲ್ ಮನೆಗೆ ಬಂತು. ಎಂಟೂ ಮುಕ್ಕಾಲಿಗೆ ಅಲ್ಲಿಂದ ಹೊರಟೆ, ಒಂಬತ್ತೂ ಹತ್ತಕ್ಕೆ ನಮ್ಮ ಗೇಟಿನ ಒಳಗೆ. ಏಳು ಕಿಲೋಮೀಟರ್. ದಾರಿಯಲ್ಲಿ ಒಮ್ಮೆಯೂ ಆಫ್ ಆಗಲಿಲ್ಲ. ಸೇತುವೆಯ ಏರಿನಲ್ಲಿ ಮೂರನೇ ಗೇರಿನಲ್ಲೇ ಹತ್ತಿತು.

ವಿವರ ಬರೆದಿಡುತ್ತೇನೆ. ಗಾಡಿಗೆ ನಲವತ್ತೊಂದು ವರ್ಷ. ಮೊದಲಿನಿಂದ ಒಬ್ಬರದೇ ಕೈ. ಟ್ಯಾಂಕಿನ ಕಡುಹಸಿರು ಬಣ್ಣ ಕಂಪನಿಯದೇ; ಮಂಡಿ ತಾಗುವ ಎರಡು ಕಡೆ ಮಾತ್ರ ಸವೆದು ತಗಡು ಕಾಣುತ್ತದೆ. ಹಿಂದಿನ ಟೈರ್ ಬದಲಿಸಬೇಕು. ಸೀಟಿನ ಹೊಲಿಗೆ ಒಂದು ಕಡೆ ಬಿಟ್ಟಿದೆ. ಎಣ್ಣೆ ಸೋರಿಕೆ ಇಲ್ಲ. ಈ ವಯಸ್ಸಿಗೆ ಅದು ದೊಡ್ಡ ಮಾತು.

ಕೊಟ್ಟವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಎಪ್ಪತ್ತೆಂಟು ವರ್ಷ. ಮಗಳ ಜೊತೆ ಇದ್ದಾರೆ. ಕೆಳಗೆ ಮಗಳ ಹಾರ್ಡ್‌ವೇರ್ ಅಂಗಡಿ, ಮೇಲೆ ಮನೆ. ಮೊಳೆ, ಸ್ಕ್ರೂ, ತಂತಿ ತೂಗುವ ಅವಳ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುವುದು ನನ್ನ ನೌಕರಿ. ಅಲ್ಲಿ ಮೆಟ್ಟಿಲ ಕೆಳಗೆ ನಿಂತಿದ್ದ ಈ ಗಾಡಿಯನ್ನು ಮೊದಲು ನೋಡಿ ಮೂರು ವರ್ಷವಾಯಿತು.

ಕಣ್ಣು ಮಂದವಾದ ಮೇಲೆ, ಏಳು ವರ್ಷದಿಂದ, ಅವರು ಗಾಡಿ ಓಡಿಸಿಲ್ಲ. ಆದರೆ ದಿನಾ ಬೆಳಿಗ್ಗೆ ಎಂಟಕ್ಕೆ ಹಳೆಯ ಬೂಟು ಹಾಕಿಕೊಂಡು ಕೆಳಗೆ ಬರುತ್ತಾರೆ. ಒಂದು ಕಿಕ್. ಐದು ನಿಮಿಷ ಎಂಜಿನ್ ಓಡಿಸಿ, ಆರಿಸಿ, ಮೇಲೆ ಹೋಗುತ್ತಾರೆ. ಎದುರಿನ ಕ್ಷೌರದಂಗಡಿಯವನು ಆ ಸದ್ದು ಕೇಳಿಯೇ ಬಾಗಿಲು ತೆಗೆಯುತ್ತಾನಂತೆ. ಕೊಳ್ಳಲು ಬಂದವರಿಗೆಲ್ಲ ಅವರದು ಒಂದೇ ಉತ್ತರ. ನನಗೂ ಮೂರು ವರ್ಷ ಅದನ್ನೇ ಹೇಳಿದ್ದರು.

"ನನ್ನ ಕಾಲಲ್ಲಿ ಸ್ಟಾರ್ಟ್ ಆಗೋವರೆಗೂ ಇದು ನಂದು, ಸಾಹೇಬ್ರೆ. ಆಗದ ದಿನ ನೀವೇ ತಗೊಂಡು ಹೋಗಿ."

ಈ ದಿನ ಹನ್ನೊಂದು ಸಲ ಕಿಕ್ ಹೊಡೆದರು. ಆಗಲಿಲ್ಲ. ಆಮೇಲೆ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಬೂಟಿನ ದಾರ ಬಿಚ್ಚುತ್ತಿದ್ದರು. ನಂತರ ಮಗಳನ್ನು ಕರೆದು ಕಾಗದಪತ್ರ ತರಲು ಹೇಳಿದರು. ಅವರು ಹೇಳಿದ ಬೆಲೆಯನ್ನೇ ಕೊಟ್ಟೆ. ಚೌಕಾಸಿ ಮಾಡಲಿಲ್ಲ. ಇದನ್ನು ಬರೆದಿಡಬೇಕು: ಚೌಕಾಸಿ ಮಾಡಲಿಲ್ಲ.

ಗೇಟಿನಲ್ಲಿ ನಿಂತು ನೋಡಿದ ನನ್ನಾಕೆ, ಮನೆಯಲ್ಲಿ ಒಂದು ಮುದಿ ಕುದುರೆ ಇತ್ತು, ಈಗ ಎರಡಾಯಿತು ಎಂದಳು. ಮಧ್ಯಾಹ್ನ ಒಂದು ಸುತ್ತು ಹೋಗೋಣ ಎಂದೂ ಅಂದಳು. ತಲೆನೋವೆಂದು ಹೇಳಿದೆ.

ಸಂತೋಷವಾಗಿದೆ.

ಮಾರ್ಚ್ ೫, ಸೋಮವಾರ

ನಿನ್ನೆ ಬರೆದುದರಲ್ಲಿ ಸುಳ್ಳಿಲ್ಲ. ಒಂದು ಸಂಗತಿ ಬಿಟ್ಟಿದ್ದೇನೆ. ಯಾರೂ ಓದದ ಪುಸ್ತಕದಲ್ಲಿ ಅದನ್ನು ಯಾರಿಂದ ಮುಚ್ಚಿಟ್ಟೆನೋ ತಿಳಿಯದು.

ಹದಿನೇಳನೇ ವಯಸ್ಸಿನಲ್ಲಿ ಎರಡು ಬೇಸಿಗೆ ರಜೆ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಇದೇ ಮಾದರಿಯ ಗಾಡಿಗಳನ್ನು ಒರೆಸುತ್ತಿದ್ದೆ, ಓಡಿಸಲು ಕೊಡುತ್ತಿರಲಿಲ್ಲ. ಅಲ್ಲಿ ಹುಡುಗರು ಒಬ್ಬರಿಗೊಬ್ಬರು ಮಾಡುತ್ತಿದ್ದ ಒಂದು ಕುಚೇಷ್ಟೆ ಇತ್ತು. ಎಂಜಿನ್ ಪಕ್ಕದ ಸಣ್ಣ ಡಬ್ಬಿಯೊಳಗೆ ಪಾಯಿಂಟ್ ಎಂಬ ಎರಡು ಲೋಹದ ತುದಿಗಳಿರುತ್ತವೆ. ಅವು ಮುಟ್ಟಿ ಬಿಟ್ಟರೆ ತಾನೇ ಪ್ಲಗ್ಗಿನಲ್ಲಿ ಕಿಡಿ. ನಡುವೆ ಒಂದು ಕಾಗದದ ಚೂರು ಸಿಕ್ಕಿಸಿದರೆ ಕಿಡಿಯೇ ಇಲ್ಲ. ಎಷ್ಟು ತುಳಿದರೂ ಗಾಡಿ ಜಪ್ಪಯ್ಯ ಅನ್ನುವುದಿಲ್ಲ. ತುಳಿದು ತುಳಿದು ಬೆವರಿದವನನ್ನು ನೋಡಿ ಎಲ್ಲರೂ ನಗುತ್ತಿದ್ದರು.

ಭಾನುವಾರ ಏಳೂ ನಲವತ್ತಕ್ಕೆ ನಾನು ಅಲ್ಲಿದ್ದೆ. ಯಜಮಾನರು ಮೇಲೆ ಬೂಟು ಹಾಕಿಕೊಳ್ಳುತ್ತಿದ್ದರು. ಮಗಳು ಮುಂದಿನ ಷಟರ್ ಎತ್ತುತ್ತಿದ್ದಳು. ನಾನು ಮೆಟ್ಟಿಲ ಕೆಳಗೆ ಒಬ್ಬನೇ. ಡಬ್ಬಿಯ ಮುಚ್ಚಳಕ್ಕೆ ಒಂದೇ ಕ್ಲಿಪ್ಪು. ಜೇಬಿನಲ್ಲಿದ್ದ ಪ್ಯಾಡಿನಿಂದ ಒಂದು ಮೂಲೆ ಹರಿದೆ. ಇಷ್ಟೆಲ್ಲ ಅರ್ಧ ನಿಮಿಷ.

ಕೀ ತಿರುಗಿಸಿದಾಗ ಹೆಡ್‌ಲೈಟಿನ ಮೇಲಿನ ಸಣ್ಣ ಮೀಟರಿನ ಮುಳ್ಳು ಅಲುಗಬೇಕು. ಅಲುಗದಿದ್ದರೆ ಎಲ್ಲೋ ಕರೆಂಟು ಕಡಿದಿದೆ ಎಂದು ಅರ್ಥ. ಜೀವಮಾನವಿಡೀ ತಂತಿಗಳ ಜೊತೆ ಬದುಕಿದ ಮನುಷ್ಯ ಅದನ್ನು ನೋಡಿದ್ದರೆ ಒಂದೇ ಕ್ಷಣದಲ್ಲಿ ಹೇಳಿಬಿಡುತ್ತಿದ್ದರು. ಅವರಿಗೆ ಮುಳ್ಳು ಕಾಣುವುದಿಲ್ಲ. ನನಗೆ ಕಾಣುತ್ತಿತ್ತು. ಹನ್ನೊಂದು ಸಲವೂ ಅದು ನಡುವೆ ನೆಟ್ಟಗೆ ನಿಂತಿತ್ತು.

ಗಾಡಿಯನ್ನು ತಿರುವಿನವರೆಗೆ ತಳ್ಳಿಕೊಂಡು ಹೋಗಿ ಕಾಗದ ತೆಗೆದೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು.

ಕಾಗದದ ಚೂರು ಇಲ್ಲಿದೆ. ನನ್ನ ಕಚೇರಿಯ ಪ್ರಮಾಣಪತ್ರದ ಪ್ಯಾಡಿನದು. 'ಪರೀಕ್ಷಿಸಿದೆ, ಸರಿಯಾಗಿದೆ' ಎಂಬ ಸಾಲಿನ ಕೊನೆಯ ಎರಡು ಅಕ್ಷರ ಅದರ ಮೇಲಿವೆ.

ಮಾರ್ಚ್ ೬, ಮಂಗಳವಾರ

ಅವರ ಕಾಲು ಇವತ್ತಲ್ಲ ನಾಳೆ ಸೋಲುವುದೇ ಇತ್ತು. ಬೆಲೆ ಪೂರ್ತಿ ಕೊಟ್ಟಿದ್ದೇನೆ. ಬೇರೆಯವನಾಗಿದ್ದರೆ ಬಣ್ಣ ಬಳಿಸಿ ಮಾರಿಬಿಡುತ್ತಿದ್ದ. ನನ್ನ ಕೈಯಲ್ಲಿ ಅದು ಚೆನ್ನಾಗಿರುತ್ತದೆ.

ಈ ನಾಲ್ಕು ವಾಕ್ಯಗಳನ್ನು ಬೆಳಿಗ್ಗೆಯಿಂದ ಹೇಳಿಕೊಳ್ಳುತ್ತಿದ್ದೇನೆ. ಬರೆದ ಮೇಲೆ, ಕಳ್ಳ ತೂಕದಲ್ಲಿ ಸಿಕ್ಕಿಬಿದ್ದ ಅಂಗಡಿಯವರು ನನ್ನ ಮುಂದೆ ಹೇಳುವ ಮಾತುಗಳ ಹಾಗೆಯೇ ಕಾಣುತ್ತಿವೆ.

ಕಚೇರಿಗೆ ಗಾಡಿಯಲ್ಲಿ ಹೋದೆ. ಎಲ್ಲರೂ ಬಂದು ನೋಡಿದರು.

ಮಾರ್ಚ್ ೯, ಶುಕ್ರವಾರ

ಯಜಮಾನರ ಮಗಳು ಫೋನ್ ಮಾಡಿದ್ದಳು. ಅವಳ ಹೆಸರು ಪರದೆಯ ಮೇಲೆ ಬಂದಾಗ ಎರಡು ಸಲ ಎತ್ತಲಿಲ್ಲ. ಮೂರನೇ ಸಲ ಎತ್ತಿದೆ. ಗಾಡಿ ಹೇಗೆ ಓಡುತ್ತಿದೆ ಎಂದು ಅಪ್ಪ ಕೇಳುತ್ತಿದ್ದಾರೆ ಎಂದಳು, ಅಷ್ಟೆ. ಚೆನ್ನಾಗಿದೆ ಎಂದೆ. ಅವತ್ತು ಪ್ಲಗ್ಗಿನಲ್ಲಿ ಏನಾದರೂ ತೊಂದರೆ ಇತ್ತೇನೋ ಎಂದೂ ಸೇರಿಸಿದೆ. ಹೊಸ ಸುಳ್ಳು.

"ಇಲ್ಲ ಸರ್," ಅಂದಳು. "ನೀವು ತಿರುವಲ್ಲಿ ಹೊಡೆದದ್ದು ಇಲ್ಲಿಗೆ ಕೇಳಿಸ್ತು. ಒಂದೇ ಕಿಕ್ಕಿಗೆ ಆಯ್ತಲ್ಲ. ಅಪ್ಪ ಕಿವಿ ಕೊಟ್ಟು ಕೇಳ್ತಾ ನಿಂತಿದ್ರು. 'ಗಾಡಿದೇನೂ ತಪ್ಪಿಲ್ಲ ಕಣಮ್ಮ, ನನ್ನ ಕಾಲೇ ಹೋಗಿದೆ' ಅಂದ್ರು."

ಅವತ್ತಿನಿಂದ ಅವರು ಕೆಳಗೆ ಇಳಿದಿಲ್ಲವಂತೆ. ಎಂಟು ಗಂಟೆಗೆ ಎದ್ದು ಕಿಟಕಿಯ ಹತ್ತಿರ ಕೂರುತ್ತಾರೆ. ಕ್ಷೌರದವನು ಈಗ ಬಾಗಿಲು ತೆಗೆಯುವುದು ಎಂಟೂವರೆಗಂತೆ.

ತಿರುವು ಅವರ ಮನೆಯಿಂದ ನೂರು ಹೆಜ್ಜೆ ಇಲ್ಲ. ಇನ್ನೂ ಸ್ವಲ್ಪ ದೂರ ತಳ್ಳಬಹುದಿತ್ತು. ನನಗೆ ತಾಳ್ಮೆ ಇರಲಿಲ್ಲ.

ಮಾರ್ಚ್ ೧೩, ಮಂಗಳವಾರ

ಮಾರುಕಟ್ಟೆಯಲ್ಲಿ ತಪಾಸಣೆ. ಜೊತೆಗೆ ಕಚೇರಿಯ ಜವಾನ. ಇಪ್ಪತ್ತು ವರ್ಷದಿಂದ ತೂಕದ ಕಲ್ಲುಗಳ ಪೆಟ್ಟಿಗೆ ಹೊರುತ್ತಿರುವುದರಿಂದ ಅವನ ಹೆಸರು ಎಲ್ಲರ ಬಾಯಲ್ಲೂ ಕಲ್ಲಣ್ಣ. ನನಗೆ ತಕ್ಕಡಿ ಸಾಹೇಬ್ರು ಎಂದು ಹೆಸರಿಟ್ಟವನೂ ಅವನೇ.

ಈರುಳ್ಳಿ ಮಾರುವವಳ ತಕ್ಕಡಿಯಲ್ಲಿ ತಟ್ಟೆಯ ಅಡಿಗೆ ಮೇಣದ ಉಂಡೆ ಅಂಟಿಸಿತ್ತು. ಕಿಲೋಗೆ ನಲವತ್ತು ಗ್ರಾಂ ಕಡಿಮೆ. ಬೆರಳು ಹಾಕಿ ಕಿತ್ತು ತೆಗೆದೆ. ಅವಳು ಅಳಲಿಲ್ಲ, ವಾದಿಸಲೂ ಇಲ್ಲ. ನಾಲ್ಕೈದು ಗಿರಾಕಿಗಳು ನೋಡುತ್ತಿದ್ದರು. ಸೆರಗಿನಿಂದ ತಟ್ಟೆಯನ್ನು ಒರೆಸುತ್ತಲೇ ಇದ್ದಳು, ಒರೆಸುವಂಥದ್ದು ಏನೂ ಇಲ್ಲದಿದ್ದರೂ.

ಕೇಸು ಬರೆಯಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೊದಲ ಸಲ.  ಬಸ್ ಸ್ಟಾಪಿನಲ್ಲಿ ಕಲ್ಲಣ್ಣ ಪೆಟ್ಟಿಗೆ ಕೆಳಗಿಟ್ಟು ಕೇಳಿದ.

"ಸಾಹೇಬ್ರೆ, ಮೈ ಹುಷಾರಿಲ್ವಾ?"

ಯಾಕೆ ಎಂದೆ.

"ಇಲ್ಲ, ಅವಳ ತಟ್ಟೆ ಕೆಳಗೆ ಕೈ ಹಾಕಿದಾಗ ನಿಮ್ಮ ಮುಖ ನೋಡ್ದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಂಗಿತ್ತು." ತನ್ನ ಮಾತಿಗೆ ತಾನೇ ನಕ್ಕ. ನಾನು ನಗಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ.

ಮಾರ್ಚ್ ೧೮, ಭಾನುವಾರ

ಅಲ್ಲಿಗೆ ಹೊರಟೆ. ಹೇಳಿಬಿಡುವುದು ಎಂದು ತೀರ್ಮಾನಿಸಿದ್ದೆ.

ಸೇತುವೆ ದಾಟಿದ ಕೂಡಲೇ, ಸದ್ದು ಅವರಿಗೆ ಕೇಳಿಸಬಾರದೆಂದು ಎಂಜಿನ್ ಆರಿಸಿದೆ. ಅಲ್ಲಿಂದ ತಳ್ಳಿಕೊಂಡು ತಿರುವಿನವರೆಗೆ ಹೋದೆ. ಅಲ್ಲಿಂದ ಮೇಲಿನ ಕಿಟಕಿ ಕಾಣುತ್ತದೆ. ಪರದೆ ಸರಿಸಿತ್ತು. ಒಳಗೆ ಬಿಳಿ ತಲೆ. ರಸ್ತೆಯ ಕಡೆಗೆ ಮುಖವಿದ್ದರೂ ಅಷ್ಟು ದೂರದಿಂದ ಅವರಿಗೆ ನಾನು ಕಾಣುವುದಿಲ್ಲ. ಎರಡು ನಿಮಿಷ ನಿಂತಿದ್ದೆ. ಕಾಣುವುದಿಲ್ಲ ಎಂಬ ಧೈರ್ಯದಲ್ಲಿ ನಿಂತಿದ್ದೇನೆ ಎಂದು ಗೊತ್ತಾದಾಗ ತಿರುಗಿ ಬಂದೆ.

ಮಾರ್ಚ್ ೨೦, ಮಂಗಳವಾರ

ಕಚೇರಿಗೆ ಬಸ್ಸಿನಲ್ಲಿ ಹೋದೆ. ಗಾಡಿಯ ಮೇಲೆ ಹಳೆಯ ಹೊದಿಕೆ ಹಾಕಿದ್ದೇನೆ. ಧೂಳು ಬೀಳದಿರಲೆಂದು.

ಮಾರ್ಚ್ ೨೬, ಸೋಮವಾರ

ನನ್ನಾಕೆ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಪರೀಕ್ಷೆ ನಡೆಯುತ್ತಿದೆ. ಸಂಜೆ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದವಳು, ತಲೆ ಎತ್ತದೆ ಹೊದಿಕೆಯ ಸುದ್ದಿ ತೆಗೆದಳು. ಮೂರು ವರ್ಷ ಅದರ ಜಪ ಮಾಡಿದಿರಿ, ತಂದು ಮೂರು ವಾರಕ್ಕೆ ಹೊದಿಸಿ ಮಲಗಿಸಿದಿರಿ, ಏನು ಸಮಾಚಾರ ಎಂದಳು. ಬೆನ್ನುನೋವು ಎಂದೆ. ತಲೆನೋವು ಕೆಳಗಿಳಿಯಿತೇ ಎಂದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಮಾತು ಹೇಳಿದಳು.

"ಕಾಪಿ ಹೊಡೆಯೋ ಹುಡುಗರನ್ನ ಹೇಗೆ ಹಿಡೀತೀನಿ ಗೊತ್ತೇನ್ರಿ? ಹೊಡೆಯೋವಾಗ ಅಲ್ಲ. ಹೊಡೆದಾದ ಮೇಲೆ. ಉತ್ತರ ಪೂರ್ತಿ ಬರೆದಿರ್ತಾನೆ, ಸರಿಯಾಗೂ ಇರತ್ತೆ, ಆದ್ರೆ ಪೆನ್ನಿನ ಮುಚ್ಚಳ ಹಾಕೋಕೆ ಅವನಿಗೆ ಧೈರ್ಯ ಬರಲ್ಲ."

ಅದನ್ನು ಶಾಲೆಯ ಹುಡುಗನ ಬಗ್ಗೆ ಹೇಳಿದಳೋ ನನ್ನ ಬಗ್ಗೆಯೋ ಗೊತ್ತಾಗಲಿಲ್ಲ. ಆಗಲೇ ಹೇಳಬಹುದಿತ್ತು. ಅವಳು ಕೆಂಪು ಪೆನ್ನು ಹಿಡಿದಿದ್ದಳು. ಎದ್ದು ನೀರು ಕುಡಿಯಲು ಹೋದೆ.

ಪತ್ರ ಬರೆಯಲು ನೋಡಿದೆ. 'ಮಾನ್ಯರೇ' ಎಂದು ಶುರುವಾಯಿತು. ಕಚೇರಿಯ ನೋಟೀಸಿನ ಹಾಗೆ. ಹರಿದೆ. ಅವರಿಗೆ ಓದಲು ಕಣ್ಣೂ ಇಲ್ಲ. ಮಗಳು ಓದಿ ಹೇಳಬೇಕು. ಅವಳ ಬಾಯಿಂದ ಹೇಳಿಸಿ ನಾನು ಏಳು ಕಿಲೋಮೀಟರ್ ದೂರ ಕೂರುವುದು ಎಂದಾಯಿತು.

ಏಪ್ರಿಲ್ ೩, ಮಂಗಳವಾರ

ಅವಳು ಕಚೇರಿಗೆ ಬಂದಿದ್ದಳು. ತಕ್ಕಡಿಯ ಮುದ್ರೆಯ ಅವಧಿ ಈ ತಿಂಗಳು ಮುಗಿಯುತ್ತದೆ, ದಿನ ಗೊತ್ತು ಮಾಡಿಕೊಂಡು ಹೋಗಲು. ಹದಿನಾಲ್ಕನೇ ತಾರೀಕು ಶನಿವಾರ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಬೇರೆ ಅಧಿಕಾರಿಯನ್ನು ಹಾಕಬಹುದಿತ್ತು. ಹಾಗೆ ಕೇಳಲು ಒಂದು ಕಾರಣ ಕೊಡಬೇಕಿತ್ತು.

ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಪ್ಪ ಒಬ್ಬರೇ ಇದ್ದಾರೆ ಎಂದಳು. ನಾನು ಕೇಳದೆಯೇ ಹೇಳಿದಳು: ಕಳೆದ ವಾರ ಮೇಲಿನಿಂದ ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಕಾಲು ನಡುಗಿ ಕೂತುಬಿಟ್ಟರು. ಪೆಟ್ಟಾಗಿಲ್ಲ. ಆದರೆ ಏಳಲೂ ಒಪ್ಪಲಿಲ್ಲ. ಇಬ್ಬರು ಗಿರಾಕಿಗಳು ಎತ್ತಿ ಇಳಿಸಿದರು. ಅವತ್ತಿನಿಂದ ಅವರ ಮಂಚ ಕೆಳಗೆ. ಜಾಗ ಇದ್ದದ್ದು ಒಂದೇ, ಮೆಟ್ಟಿಲ ಕೆಳಗೆ.

ಗಾಡಿ ನಿಲ್ಲುತ್ತಿದ್ದ ಜಾಗ.

ಡಾಕ್ಟರು ಕಾಲಿನಲ್ಲಿ ಏನೂ ದೋಷವಿಲ್ಲ, ನಡೆಯದೆ ಸೋತಿದೆ, ನಡೆಸಿ ಎಂದರಂತೆ. ಇವರು ನಡೆಯುವುದಿಲ್ಲ. ಹೋದ ಕಾಲನ್ನು ನಡೆಸಿ ಏನು ಪ್ರಯೋಜನ ಎನ್ನುತ್ತಾರಂತೆ. ಹೋಗುವಾಗ ಬಾಗಿಲಲ್ಲಿ ತಿರುಗಿ ಹೇಳಿದಳು.

"ಒಳ್ಳೆಯವರ ಕೈಗೆ ಗಾಡಿ ಹೋಯ್ತು ಅನ್ನೋದೊಂದೇ ಅಪ್ಪಂಗೆ ಸಮಾಧಾನ ಸರ್. ಬಂದೋರಿಗೆಲ್ಲ ಹೇಳ್ತಾರೆ. 'ತಕ್ಕಡಿ ಸಾಹೇಬ್ರಿಗೆ ಕೊಟ್ಟೆ, ಒಂದು ಗ್ರಾಂ ಆಚೀಚೆ ಮಾಡೋ ಮನುಷ್ಯ ಅಲ್ಲ' ಅಂತ."

ಕಲ್ಲಣ್ಣ ಪಕ್ಕದಲ್ಲಿ ಕಲ್ಲುಗಳನ್ನು ಒರೆಸುತ್ತಿದ್ದ. ಹೌದೌದು ಎಂದು ತಲೆಯಾಡಿಸಿದ.

ಏಪ್ರಿಲ್ ೧೨, ಗುರುವಾರ

ಬೆಳಿಗ್ಗೆ ಎಂಟಕ್ಕೆ ದಿನಾ ಗಡಿಯಾರ ನೋಡುತ್ತೇನೆ. ಮೊದಲು ಆ ಹೊತ್ತಿಗೆ ಏನು ಮಾಡುತ್ತಿದ್ದೆನೋ ನೆನಪಿಲ್ಲ.

ಈ ದಿನ ಹೊದಿಕೆ ತೆಗೆದು ಬ್ಯಾಟರಿ, ಎಣ್ಣೆ, ಪಾಯಿಂಟ್ ಎಲ್ಲ ನೋಡಿದೆ. ಕಿಕ್ಕರಿನ ರಬ್ಬರು ಸವೆದಿತ್ತು, ಬೂಟು ಜಾರದ ಹಾಗೆ ಹೊಸದು ಹಾಕಿದೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗುತ್ತದೆ. ಆರು ಸಲ ನೋಡಿದೆ. ಆರೂ ಸಲ ಆಯಿತು.

ನನ್ನ ಲೆಕ್ಕ ಇಷ್ಟೆ: ಹೇಳಬೇಕು. ಗಾಡಿ ಅಲ್ಲೇ ಬಿಡಬೇಕು. ಅವರು ಒಂದು ಕಿಕ್ ಹೊಡೆದು, ಸದ್ದು ಕೇಳಿದರೆ, ಕಾಲು ಹೋಗಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಏನು ಬೈದರೂ ಸರಿ.

ಏಪ್ರಿಲ್ ೧೪, ಶನಿವಾರ

ಪೂರ್ತಿ ಬರೆಯುತ್ತೇನೆ. ಅಂಗೈ ಬೊಬ್ಬೆ ಎದ್ದಿರುವುದರಿಂದ ಅಕ್ಷರ ಸೊಟ್ಟ.

ಹತ್ತು ಗಂಟೆಗೆ ಅಲ್ಲಿದ್ದೆ. ಗಾಡಿಯಲ್ಲೇ ಹೋದೆ, ಎಂಜಿನ್ ಆರಿಸಲಿಲ್ಲ. ಅಂಗಡಿಯ ಮುಂದೆ ನಿಲ್ಲಿಸಿದಾಗ ಒಳಗಿನಿಂದ ಯಜಮಾನರ ದನಿ ಬಂತು, ಯಾರ ಸದ್ದು ಅದು, ನಮ್ಮದಲ್ವಾ ಎಂದು. ಕಲ್ಲಣ್ಣ ಬಸ್ಸಿನಲ್ಲಿ ಬಂದು ಪೆಟ್ಟಿಗೆಯೊಂದಿಗೆ ಕಾಯುತ್ತಿದ್ದ. ಪೆಟ್ಟಿಗೆ ಇಟ್ಟು ಟೀ ಕುಡಿದು ಬಾ ಎಂದು ಕಳಿಸಿದೆ.

ಮೆಟ್ಟಿಲ ಕೆಳಗೆ ಮಂಚ. ಒಂದು ಕಡೆ ಮೊಳೆಯ ಚೀಲಗಳು, ಇನ್ನೊಂದು ಕಡೆ ಪೈಪುಗಳು. ನೆಲದಲ್ಲಿ ಹಳೆಯ ಎಣ್ಣೆಯ ಕಲೆ ಹಾಗೆಯೇ ಇತ್ತು. ಬೂಟು ಮಂಚದ ಕೆಳಗಿತ್ತು. ಆರು ವಾರದಲ್ಲಿ ಅವರ ಕಾಲು ಇಷ್ಟು ಸಣ್ಣಗಾಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ತಕ್ಕಡಿ ಆಮೇಲೆ, ಮೊದಲು ಒಂದು ಮಾತಿದೆ ಎಂದೆ. ಮಗಳು ಗಲ್ಲಾದಿಂದ ಎದ್ದು ಬಂದಳು. ಜೇಬಿನಿಂದ ಕಾಗದದ ಚೂರು ತೆಗೆದೆ. ಎಲ್ಲಿಡಬೇಕೋ ತೋಚದೆ ತಕ್ಕಡಿಯ ತಟ್ಟೆಯ ಮೇಲಿಟ್ಟೆ. ಅಂಕಿ ತೋರಿಸುವ ಪರದೆಯಲ್ಲಿ ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಹೇಳಿದೆ. ಎಲ್ಲಿ ಸಿಕ್ಕಿಸಿದೆ, ಯಾವಾಗ, ಎಲ್ಲಿ ತೆಗೆದೆ. ಬೇಕೆಂದೇ ಮಾಡಿದೆ ಎಂದೆ. ನಿಮ್ಮ ಕಾಲು ಸರಿಯಾಗಿತ್ತು, ಹನ್ನೊಂದು ಕಿಕ್ಕೂ ಸರಿಯಾಗಿದ್ದವು ಎಂದೆ.

ಮಗಳು ಮೊದಲು ಮಾತಾಡಿದಳು. ದನಿ ಏರಿಸಲಿಲ್ಲ.

"ಹನ್ನೊಂದು ಅಂತ ನಿಮಗೆ ಹೇಗೆ ಗೊತ್ತು?"

ತಟ್ಟೆಯ ಮೇಲಿನ ಚೂರನ್ನು ನೋಡಿದೆ.

"ಅಪ್ಪ ಬೆವರು ಸುರಿಸ್ತಾ ಇದ್ರು. ನಾನು ಸಾಕು ಬಿಡಪ್ಪ ಅಂತ ಕೈ ಹಿಡ್ಕೊಂಡೆ. ನೀವು ಪಕ್ಕದಲ್ಲಿ ನಿಂತು ಎಣಿಸ್ತಾ ಇದ್ರಾ?"

ಹೌದು ಎಂದೆ.

ತಟ್ಟೆಯಿಂದ ಚೂರನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದಳು. ನಿಮ್ಮ ಮುದ್ರೆ ಇದೆ ಎಂದು ಗಿರಾಕಿಗಳಿಗೆ ತೋರಿಸಿ ವ್ಯಾಪಾರ ಮಾಡುತ್ತಿದ್ದೆ ಎಂದಳು. ಈ ತಕ್ಕಡಿಗೆ ಇನ್ನು ಬೇರೆ ಯಾರನ್ನಾದರೂ ಕಳಿಸಿ ಎಂದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಎಂಬ ಮಾತನ್ನು ನನಗೆ ಹೇಳಲಿಲ್ಲ, ಅಪ್ಪನಿಗೆ ಹೇಳಿದಳು. ಅವರು ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು. ಚೂರನ್ನು ಇಸಿದುಕೊಂಡು ಬೆರಳ ನಡುವೆ ಉಜ್ಜಿದರು.

"ದಪ್ಪ ಕಾಗದ," ಅಂದರು. "ಅದಕ್ಕೇ ಜರುಗಲಿಲ್ಲ. ತೆಳು ಕಾಗದ ಆಗಿದ್ರೆ ನಾಕನೇ ಕಿಕ್ಕಿಗೆ ಹರಿದುಹೋಗ್ತಿತ್ತು." ಬೇರೆ ಯಾರದೋ ಗಾಡಿಯ ವಿಷಯ ಮಾತಾಡುವ ಹಾಗೆ.

ಆಮೇಲೆ ಬೂಟು ಕೇಳಿದರು.

ಅವಳಿಗೆ ಇಷ್ಟವಿರಲಿಲ್ಲ. ಆದರೂ ಕೂತು ದಾರ ಕಟ್ಟಿದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಹಿಡಿಯಲು ನಾನು ಕೈ ಚಾಚಿದೆ. ಅವರು ನನ್ನ ಕೈ ಬಿಟ್ಟು ಪೈಪುಗಳ ಚೌಕಟ್ಟು ಹಿಡಿದುಕೊಂಡರು. ಮಂಚದಿಂದ ಅಂಗಡಿಯ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ನಡುವೆ ಎರಡು ಸಲ ನಿಂತರು. ಎದುರಿನ ಕ್ಷೌರದವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಕುರ್ಚಿಯಲ್ಲಿದ್ದ ಗಿರಾಕಿ, ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡವನು, ಅವನೂ ಬಂದ.

ಟ್ಯಾಂಕಿನ ಮೇಲೆ ಕೈಯಾಡಿಸಿದರು. ಕೀ ತಿರುಗಿಸಿದರು. ಮುಳ್ಳು ಅಲುಗಿತು, ನಾನು ನೋಡಿದೆ, ಅಲುಗಿತು ಎಂದು ಹೇಳಿದೆ. ತಲೆಯಾಡಿಸಿದರು. ಕಿಕ್ಕರಿನ ಹೊಸ ರಬ್ಬರಿನ ಮೇಲೆ ಬೂಟು ಇಟ್ಟು, ಇದನ್ನು ಯಾರು ಹಾಕಿಸಿದ್ದು ಎಂದರು. ನಾನು ಎಂದೆ. ಮೊದಲಿನದೇ ಚೆನ್ನಾಗಿತ್ತು ಎಂದರು.

ಮೊದಲ ಕಿಕ್ ಅರ್ಧಕ್ಕೆ ನಿಂತಿತು. ಎಂಜಿನ್ ಉಸಿರುಬಿಟ್ಟ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಎರಡನೆಯದೂ ಹಾಗೆಯೇ. ಮೂರನೆಯದಕ್ಕೆ ಮೈಭಾರವನ್ನೆಲ್ಲ ಹಾಕಿದರು, ಭಾರವೇ ಉಳಿದಿರಲಿಲ್ಲ. ನಾಲ್ಕನೆಯದಕ್ಕೆ ಮಂಡಿ ಮಡಚಿಕೊಂಡಿತು, ಮಗಳು ಹಿಡಿದುಕೊಂಡಳು. ನನ್ನೊಳಗೆ ಎಣಿಕೆ ನಡೆಯುತ್ತಲೇ ಇತ್ತು. ನಿಲ್ಲಿಸಲು ನೋಡಿದೆ, ನಿಲ್ಲಲಿಲ್ಲ.

ಐದನೆಯದು ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಸೀಟಿನ ಮೇಲೆ ಕೈಯೂರಿ ನಿಂತರು. ಆಮೇಲೆ ಡಬ್ಬಿಯ ಮುಚ್ಚಳ ತೆಗೆಯಲು ಹೇಳಿದರು. ತೆಗೆದೆ. ಬಗ್ಗಿ, ತೋರುಬೆರಳನ್ನು ಪಾಯಿಂಟಿನ ಮೇಲೆ ಇಟ್ಟು ಮೆಲ್ಲಗೆ ಸವರಿದರು. ಎರಡು ಸಲ. ಏನೂ ಇರಲಿಲ್ಲ.

"ಈ ಸಲ ತೂಕ ಸರಿಯಾಗಿದೆ," ಅಂದರು. "ತಗೊಂಡು ಹೋಗಿ."

ನಾನು ಬಡಬಡಿಸಿದೆ. ಗಾಡಿ ಇಲ್ಲೇ ಇರಲಿ, ಇದು ನಿಮ್ಮದೇ, ಆರು ವಾರ ಕೂತದ್ದಕ್ಕೆ ಹೀಗಾಗಿದೆ, ದಿನಾ ಸ್ವಲ್ಪ ಸ್ವಲ್ಪ ನಡೆದರೆ ಮತ್ತೆ ಬರುತ್ತದೆ, ಡಾಕ್ಟರೂ ಹಾಗೇ ಹೇಳಿದ್ದಾರಲ್ಲ ಎಂದೆ.

"ಬರಬಹುದು. ಬರದೇನೂ ಇರಬಹುದು." ಮಗಳ ಹೆಗಲ ಮೇಲೆ ಕೈಯಿಟ್ಟುಕೊಂಡೇ ಹೇಳಿದರು. "ಎಪ್ಪತ್ತೆಂಟಕ್ಕೆ ಆರು ವಾರ ಅಂದ್ರೆ ಎಷ್ಟು ಅಂತ ನಿಮಗೆ ಇನ್ನೂ ಗೊತ್ತಿಲ್ಲ, ಸಾಹೇಬ್ರೆ. ನನ್ನ ಕಾಲಲ್ಲಿ ಆಗದ ದಿನ ತಗೊಂಡು ಹೋಗಿ ಅಂದಿದ್ದೆ. ಇವತ್ತು ಆಗಲಿಲ್ಲ. ಮಾತು ನಂದು, ಅದನ್ನೂ ಕೆಡಿಸಬೇಡಿ."

ಆಮೇಲೆ ಮಗಳ ಕಡೆ ತಿರುಗಿ, ತಕ್ಕಡಿಯ ಕೆಲಸ ಇವರ ಕೈಯಲ್ಲೇ ಮಾಡಿಸು ಎಂದರು. ಇವತ್ತು ಇವರು ಹಾಕುವ ಮುದ್ರೆ ಎಲ್ಲಕ್ಕಿಂತ ಸರಿಯಾಗಿರುತ್ತದೆ ಎಂದೂ ಹೇಳಿದರು. ಅವಳು ಒಪ್ಪಿದಳೋ ಇಲ್ಲವೋ, ಒಳಗೆ ಹೋಗಿ ತಟ್ಟೆ ಒರೆಸಿಟ್ಟಳು. ಕಲ್ಲಣ್ಣ ಬಂದ. ಒಂದೊಂದು ಕಲ್ಲನ್ನೂ ಎರಡೆರಡು ಸಲ ಇಟ್ಟು ನೋಡಿದೆ. ಅವಳು ಪಕ್ಕದಲ್ಲಿ ನಿಂತು ಪ್ರತಿ ಅಂಕಿಯನ್ನೂ ನೋಡಿದಳು. ಹಿಂದೆ ಯಾವತ್ತೂ ನೋಡಿರಲಿಲ್ಲ. ಮುದ್ರೆ ಹಾಕಿದೆ. ಪ್ರಮಾಣಪತ್ರ ಬರೆದುಕೊಟ್ಟೆ. ಅವಳು ಅದನ್ನು ಗೋಡೆಗೆ ಅಂಟಿಸದೆ ಮಡಿಸಿ ಡ್ರಾಯರಿಗೆ ಹಾಕಿದಳು.

ನಾನು ಹೊರಡುವಾಗ ಯಜಮಾನರು ಮಂಚದ ಮೇಲೆ ಕೂತಿದ್ದರು. ಬೂಟು ಇನ್ನೂ ಕಾಲಲ್ಲೇ ಇತ್ತು. ಮಗಳು ಬಿಚ್ಚಲು ಹೋದರೆ, ಇರಲಿ ಎಂದರು.

ಗಾಡಿ ಸ್ಟಾರ್ಟ್ ಮಾಡಲಿಲ್ಲ. ತಿರುವಿನವರೆಗೆ ತಳ್ಳಿಕೊಂಡು ಹೋದೆ. ಅಲ್ಲಿ ನಿಂತೆ. ನೂರು ಹೆಜ್ಜೆ ಸಾಲದು ಎಂದು ಗೊತ್ತಿತ್ತು. ಮಾರುಕಟ್ಟೆಯವರೆಗೆ ಹೋಗಿ ನೋಡೋಣ ಎಂದುಕೊಂಡೆ. ಮಾರುಕಟ್ಟೆಯಲ್ಲಿ ನಾನು ಮುದ್ರೆ ಹಾಕಿದ ತಕ್ಕಡಿಗಳೇ ಎರಡೂ ಕಡೆ. ಏನು ಸಾಹೇಬ್ರೆ, ಮುದುಕಿ ಕೈ ಕೊಟ್ಟಳಾ ಎಂದು ಒಬ್ಬ ಕೂಗಿದ. ಇಲ್ಲ, ಗಾಡಿ ಸರಿಯಾಗಿದೆ ಎಂದೆ. ಸರಿಯಾಗಿದ್ದ ಗಾಡಿಯನ್ನು ಬಿಸಿಲಲ್ಲಿ ತಳ್ಳುವವನನ್ನು ಅವರೆಲ್ಲ ನಿಂತು ನೋಡಿ ನಕ್ಕರು. ಈರುಳ್ಳಿಯವಳು ಒಬ್ಬಳೇ ನಗಲಿಲ್ಲ. ಒಂದು ಚೊಂಬು ನೀರು ಕೊಟ್ಟಳು.

ಸೇತುವೆಯ ಏರಿನಲ್ಲಿ ಮೂರು ಸಲ ನಿಲ್ಲಬೇಕಾಯಿತು. ಇಲ್ಲಿ ಸ್ಟಾರ್ಟ್ ಮಾಡಿದರೆ ಅವರಿಗೆ ಕೇಳಿಸುವುದಿಲ್ಲ ಎಂದು ಅನಿಸಿತು. ಆದರೆ ಅವರು ಇಡೀ ಊರಿನ ತಂತಿಗಳಲ್ಲಿ ಕಿವಿಯಿಟ್ಟು ಕೇಳಿದ ಮನುಷ್ಯ. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನನಗೆ ಗೊತ್ತಾಗಲಿಲ್ಲ.

ಏಳು ಕಿಲೋಮೀಟರ್. ಎರಡು ಗಂಟೆ ಇಪ್ಪತ್ತು ನಿಮಿಷ.

ನನ್ನಾಕೆ ಗೇಟು ತೆಗೆದಳು. ಕೆಟ್ಟುಹೋಯಿತೇನ್ರಿ ಎಂದಳು. ಇಲ್ಲ, ಗಾಡಿ ಸರಿಯಾಗಿದೆ ಎಂದೆ. ನನ್ನ ಅಂಗೈ ನೋಡಿದಳು. ಒಳಗಿನಿಂದ ಎರಡು ಸ್ಟೂಲು ತಂದು ಹಾಕಿ, ಒಂದರ ಮೇಲೆ ತಾನು ಕೂತಳು.

"ಹಾಗಾದ್ರೆ ಹೇಳಿ," ಅಂದಳು.